ತಡವಾದ ಅರ್ಜಿ: ಪಿಟಿಸಿಎಲ್ ಕೇಸಿನಲ್ಲಿ ಕಾಲದ ಲೆಕ್ಕ

ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರ ಹೋಬಳಿಯವರು ಪಿಟಿಸಿಎಲ್ ಕೇಸಿಗೆ ಅಲೆಯುವುದು ಹುಣಸೂರಿನ ಉಪವಿಭಾಗಾಧಿಕಾರಿ (ಎಸಿ) ಕೋರ್ಟಿಗೆ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ತಾಲ್ಲೂಕುಗಳು ಈ ಉಪವಿಭಾಗಕ್ಕೆ ಸೇರಿವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಷರತ್ತು ಮೀರಿ ಪರಭಾರೆಯಾಗಿದ್ದರೆ, ಕ್ರಯ ರದ್ದುಪಡಿಸಿ ಮಂಜೂರುದಾರರಿಗೋ ಅವರ ವಾರಸುದಾರರಿಗೋ ಮರಳಿಸುವ ಅಧಿಕಾರ ಉಪವಿಭಾಗಾಧಿಕಾರಿಯದು. ಇದಕ್ಕೆ ಆಧಾರವಾದ 1978ರ ಪಿಟಿಸಿಎಲ್ ಕಾಯ್ದೆ 1979ರ ಜನವರಿ 1ರಿಂದ ಜಾರಿಯಲ್ಲಿದೆ. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಗಡುವಿಲ್ಲದ ಅರ್ಜಿ

ಜಮೀನು ಮರಳಿ ಕೇಳುವ ಅರ್ಜಿಗೆ ಕಾಯ್ದೆ ಗಡುವು ಹಾಕಿರಲಿಲ್ಲ. ತಾತ ಮಾರಿದ ಜಮೀನಿಗೆ ಮೊಮ್ಮಕ್ಕಳೂ ಅರ್ಜಿ ಕೊಡಬಹುದಿತ್ತು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಡುವು ಇಲ್ಲದಿದ್ದರೂ ಅರ್ಜಿ ಸಮಂಜಸ ಕಾಲದೊಳಗೆ ಬರಬೇಕು ಎಂದಿತು. ಆಮೇಲೆ ಎಷ್ಟೋ ಅರ್ಜಿಗಳು ತಡವಾಯಿತೆಂಬ ಕಾರಣಕ್ಕೇ ವಜಾ ಆದವು. ದಲಿತ ಸಂಘಟನೆಗಳು ಹೋರಾಟಕ್ಕಿಳಿದವು. 2023ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಅರ್ಜಿಗೆ ಕಾಲಮಿತಿಯೇ ಇಲ್ಲ, ಬಾಕಿ ಇರುವ ಪ್ರಕರಣಗಳಿಗೂ ಇದು ಅನ್ವಯ ಎಂದು ಸೇರಿಸಿತು.

ಅಲ್ಲಿಗೂ ಮುಗಿಯಲಿಲ್ಲ. ಹಾವೇರಿ ಜಿಲ್ಲೆಯ ಪ್ರಕರಣವೊಂದರಲ್ಲಿ 2024ರ ಜುಲೈನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಕಾಲಮಿತಿ ತೆಗೆದರೂ ವಿಳಂಬದ ಪ್ರಶ್ನೆ ಉಳಿಯುತ್ತದೆ ಎಂದು ತೀರ್ಪು ಕೊಟ್ಟಿತು. ಗಡುವು ಹಾಕುವುದು, ತೆಗೆಯುವುದು ಶಾಸನಸಭೆಗೆ ಬಿಟ್ಟದ್ದು; ಹಕ್ಕಿದ್ದೂ ದಶಕಗಟ್ಟಲೆ ಸುಮ್ಮನಿದ್ದದ್ದೇಕೆ ಎಂದು ಕೇಳುವುದು ನ್ಯಾಯಾಲಯಕ್ಕೆ ಬಿಟ್ಟದ್ದು. ಹಾಗಾಗಿ ತಡಕ್ಕೆ ಕಾರಣವನ್ನು ಮೊದಲ ಅರ್ಜಿಯಲ್ಲೇ ಬರೆಯುವುದು ಒಳ್ಳೆಯದು.

ಗಡುವಿರುವ ಮೇಲ್ಮನವಿ

ಎಸಿ ಆದೇಶ ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ ಮೂರು ತಿಂಗಳೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹೋಗಬೇಕು. ಗಡುವು ದಾಟಿದರೆ ಮೇಲ್ಮನವಿಯ ಜೊತೆಗೇ ವಿಳಂಬ ಮನ್ನಾ ಅರ್ಜಿ ಕೊಟ್ಟು, ತಡಕ್ಕೆ 'ಸಾಕಷ್ಟು ಕಾರಣ' ತೋರಿಸಬೇಕು.

ಸಾಕಷ್ಟು ಎಂದರೆ ಎಷ್ಟು? ತಡ ಮಾಡುವುದರಿಂದ ಕಕ್ಷಿದಾರನಿಗೆ ಲಾಭವೇನೂ ಇಲ್ಲ, ಕಾರಣವನ್ನು ಉದಾರವಾಗಿ ನೋಡಿ ಎಂದು 1987ರ ಕಾಟಿಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1998ರ ಬಾಲಕೃಷ್ಣನ್ ಪ್ರಕರಣದಲ್ಲಿ 883 ದಿನಗಳ ತಡ ಮನ್ನಾ ಆಯಿತು. ಎಷ್ಟು ದಿನ ಎಂಬುದಕ್ಕಿಂತ ವಿವರಣೆ ನಂಬುವಂತಿದೆಯೇ ಎಂಬುದೇ ಮುಖ್ಯ ಎಂದಿತು ನ್ಯಾಯಾಲಯ. ಸರ್ಕಾರಕ್ಕೂ ವಿನಾಯಿತಿಯಿಲ್ಲ: ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು ಎಂಬ ನೆಪ ನಡೆಯದೆಂದು 2012ರ ಲಿವಿಂಗ್ ಮೀಡಿಯಾ ತೀರ್ಪು ಹೇಳುತ್ತದೆ.

ಬರೆಯುವ ಬಗೆ

'ಬಡವರು, ಓದುಬರಹವಿಲ್ಲ' ಎಂಬ ಒಂದು ಸಾಲು ಸಾಲದು. ಆದೇಶ ಯಾವಾಗ ತಿಳಿಯಿತು, ನಕಲಿಗೆ ಅರ್ಜಿ ಕೊಟ್ಟದ್ದು ಯಾವಾಗ, ಕೈಗೆ ಬಂದದ್ದು ಯಾವಾಗ, ನಡುವೆ ಏನು ಅಡ್ಡಬಂತು ಎಂದು ತಾರೀಖಿನ ಸಮೇತ ಅಫಿಡವಿಟ್‌ನಲ್ಲಿ ಹೇಳಬೇಕು. ಕಾಯಿಲೆಯಾಗಿದ್ದರೆ ಆಸ್ಪತ್ರೆ ಚೀಟಿ, ಕೂಲಿಗೆ ಕೊಡಗಿಗೆ ಹೋಗಿದ್ದರೆ ಅದಕ್ಕೆ ಪುರಾವೆ, ಮನೆಯಲ್ಲಿ ಸಾವಾಗಿದ್ದರೆ ಮರಣ ಪ್ರಮಾಣಪತ್ರ ಲಗತ್ತಿಸಬೇಕು. ಸುಳ್ಳು ಕಾರಣ ಸಿಕ್ಕಿಬಿದ್ದರೆ ನಿಜವಾದ ಹಕ್ಕಿಗೂ ಪೆಟ್ಟು.

ವಕೀಲರ ಫೀಸಿಗೆ ಹೆದರಿ ದಿನ ತಳ್ಳಬೇಕಿಲ್ಲ. ಪರಿಶಿಷ್ಟರಿಗೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.