ಕರೆಂಟ್ ಮುಗಿದ ಮೇಲೆ

ಗದಗ ಬಸ್ ನಿಲ್ದಾಣದ ಬದಿಯಲ್ಲಿ ಬೆಳಗಿನ ಮೊದಲ ಮಿರ್ಚಿಗಳು ಎಣ್ಣೆಗೆ ಬೀಳುವ ಹೊತ್ತಿಗೆ ಮುಂಡರಗಿ, ಶಿರಹಟ್ಟಿ ಬಸ್ಸುಗಳು ಬಂದು ನಿಲ್ಲುತ್ತವೆ. ಇಳಿದವರಲ್ಲಿ ಕೆಲವರು ಮಾರ್ಕೆಟ್ಟಿನ ಕಡೆ ತಿರುಗದೆ, ಸ್ಕ್ಯಾನಿಂಗಿನ ದೊಡ್ಡ ಕವರನ್ನು ಎದೆಗವಚಿಕೊಂಡು ಹುಬ್ಬಳ್ಳಿ ಬಸ್ಸನ್ನೇ ಹುಡುಕುತ್ತಾರೆ. ಲಕ್ಷ್ಮೇಶ್ವರದವರು ತಮ್ಮೂರಿಂದಲೇ ನೇರ ಹೋಗುತ್ತಾರೆ. ಎಲ್ಲರೂ ಸೇರುವುದು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯ ಅಂಗಳದಲ್ಲಿ.

“ಎಷ್ಟ್ ಕರೆಂಟ್ ಆದುವ್ರೀ ಯಕ್ಕಾ?”

“ಇಪ್ಪತ್ತಾರ್ ಆದುವವಾ. ಇನ್ನಾ ನಾಕ ಉಳದಾವ ಇವ್ರಿಗೆ.”

ಪಕ್ಕದಲ್ಲಿ ಕೂತ ಯಜಮಾನರ ಕಿವಿಯ ಮೇಲೆ ಅಂಗೈಯಗಲ ಕೂದಲು ಉದುರಿದೆ. ತಲೆ ಅಲುಗದಂತೆ ಹಿಡಿಯಲು, ಬಿಸಿನೀರಿನಲ್ಲಿ ಮೆತ್ತಗಾಗಿಸಿದ ಪ್ಲಾಸ್ಟಿಕ್ ಜಾಳಿಗೆಯನ್ನು ಮುಖದ ಮೇಲೆ ಒತ್ತಿ ಅವರದೇ ಅಚ್ಚಿನ ಮುಖವಾಡ ಮಾಡಿರುತ್ತಾರೆ. ಹೊರಬಂದಾಗ ಅದರ ಗೆರೆಗಳು ಕೆನ್ನೆಯ ಮೇಲೆ ಇನ್ನೂ ಮೂಡಿರುತ್ತವೆ. ಒಳಗೆ ಯಂತ್ರದ ಗುಂಯ್‌ಗುಡುವಿಕೆ, ಕೆಲವೇ ನಿಮಿಷ, ನೋವಿಲ್ಲ. ಮಿದುಳಿನ ಕೆಟ್ಟ ಗಡ್ಡೆಗೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6 ವಾರ, 30 ಸಲ, ಒಟ್ಟು 60 ಗ್ರೇ ವಿಕಿರಣ. ಇದಕ್ಕೇ ಇಲ್ಲಿನವರು ‘ಕರೆಂಟ್’ ಅನ್ನುವುದು.

ಗಡ್ಡೆಗೆಂದು ಬಿಟ್ಟ ಕಿರಣ ಅದರ ಸುತ್ತಲಿನ ರಕ್ತನಾಳಗಳನ್ನೂ ಮುಟ್ಟುತ್ತದೆ. ನಾಳದ ಒಳಮೈಗೆ ಒಂದೇ ಕೋಶದಷ್ಟು ದಪ್ಪದ ತೆಳು ಪೊರೆ. ಪೆಟ್ಟು ತಿಂದ ಆ ಕೋಶಗಳು ಅಂದೇ ಸಾಯುವುದಿಲ್ಲ. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ನಾಳ ಜಿನುಗತೊಡಗಿ ಸುತ್ತಲೂ ಬಾವು ಬರುತ್ತದೆ. ಗೋಡೆ ದಪ್ಪಗಾಗುತ್ತ, ಹೂಳು ತುಂಬಿದ ಕಾಲುವೆಯಂತೆ ದಾರಿ ಕಿರಿದಾಗುತ್ತದೆ. ಆಚೆಯ ಮಿದುಳಿಗೆ ರಕ್ತ ಮುಟ್ಟದೆ ಆ ಭಾಗ ಸತ್ತುಹೋಗಲೂಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಆಗುವವರಿಗೆ, ಊರೆಲ್ಲ ‘ಆರಾಮಾದ್ರು’ ಎಂದುಕೊಂಡ ಕಾಲದಲ್ಲೇ ಆಗುತ್ತದೆ ಎಂಬುದೇ ನನ್ನನ್ನು ಕಾಡುವುದು.

ಇತ್ತ ಗದಗ ಪಕ್ಕದ ಬೆಟಗೇರಿಯ ಓಣಿಗಳಲ್ಲಿ ಮಗ್ಗದ ಟಕಾಟಕ್ ಮಧ್ಯಾಹ್ನವೂ ನಿಲ್ಲುವುದಿಲ್ಲ. ಮನೆಯ ಹೆಂಗಸರು ಕಂಡಿಕೆ ಸುತ್ತುತ್ತಿರುತ್ತಾರೆ, ಹೊಸ ನೂಲಿನ ಗಂಜಿವಾಸನೆ ಬಾಗಿಲಲ್ಲೇ ಎದುರಾಗುತ್ತದೆ. ಇಂಥ ಮನೆಗಳಲ್ಲಿ ತಲೆನೋವನ್ನು ಬಿಸಿಲಿನ ಲೆಕ್ಕಕ್ಕೆ, ಕೈ ಜೋಮು ಹಿಡಿದರೆ ದುಡಿಮೆಯ ಲೆಕ್ಕಕ್ಕೆ ಹಾಕಿಬಿಡುವುದು ಸುಲಭ. ತಲೆಗೆ ಕರೆಂಟ್ ಇಡಿಸಿಕೊಂಡವರ ಮಟ್ಟಿಗೆ ಅದು ಆಗಬಾರದು. ಮಾತು ತಡವರಿಸಿದರೂ ತಡಮಾಡಬಾರದು. ಎಂಆರ್‌ಐನಲ್ಲಿ ಸತ್ತ ಭಾಗವೂ ಮತ್ತೆ ಬೆಳೆದ ಗಡ್ಡೆಯೂ ಒಂದೇ ತರಹ ಕಾಣುವುದುಂಟು. ಹಳೆಯ ಫಿಲ್ಮುಗಳ ಪಕ್ಕ ಹೊಸದನ್ನಿಟ್ಟು ನೋಡಿದರೆ ಡಾಕ್ಟರಿಗೆ ಅಂದಾಜು ಸಿಗುತ್ತದೆ. ಬಾವು ಇಳಿಸಲು ಸ್ಟಿರಾಯ್ಡ್ ಇದೆ. ಅದಕ್ಕೂ ಬಗ್ಗದಿದ್ದರೆ ಕೆಲವರಿಗೆ ಬೆವಾಸಿಝುಮ್ಯಾಬ್ ಕೊಡುತ್ತಾರೆ.

ಇಲ್ಲಿ ಕಂಟಕವಾದ, ನಾಳವನ್ನು ಕಿರಿದಾಗಿಸುವ ಕಿರಣದ ಈ ಗುಣವೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮದ್ದು. ಅಪಧಮನಿ, ಅಭಿಧಮನಿಗಳು ಹುಟ್ಟಿನಿಂದಲೇ ಹೆಣೆದುಕೊಂಡು ಗಂಟಾದವರಿಗೆ ಅಲ್ಲಿ ಗಾಮಾ ನೈಫ್ ಇದೆ. ಹೆಸರಿಗೆ ಚಾಕು, ಕೊಯ್ಯುವುದಿಲ್ಲ. ಇಂಥ ಚಿಕಿತ್ಸೆಯ ಕಲ್ಪನೆಯನ್ನು 1951ರಲ್ಲಿ ಮುಂದಿಟ್ಟವರು ಸ್ವೀಡನ್ನಿನ ಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್. ಸುಮಾರು 200 ಕೋಬಾಲ್ಟ್ ಕಿರಣಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಆಮೇಲೆ ಗಂಟಿನ ನಾಳಗಳ ಗೋಡೆ ಒಳಗೊಳಗೇ ದಪ್ಪಗಾಗುತ್ತ ಮುಚ್ಚಿಕೊಳ್ಳಲು 2–3 ವರ್ಷ ಬೇಕು. ಅಷ್ಟು ದಿನವೂ ಅದು ಒಡೆದು ರಕ್ತ ಸುರಿಯುವ ಅಪಾಯ ಇದ್ದೇ ಇರುತ್ತದೆ. ಕೆಲವರಲ್ಲಿ ಪೂರ್ತಿ ಮುಚ್ಚುವುದೂ ಇಲ್ಲ. ಆಂಜಿಯೋಗ್ರಾಮ್‌ನಲ್ಲಿ ಗಂಟು ಕಾಣದಾದ ಮೇಲೆಯೇ ಡಾಕ್ಟರು ಮುಚ್ಚಿತು ಎನ್ನುತ್ತಾರೆ.