ಎರಡು ಡಬ್ಬಿ ಮಾಲ್ಟು

ಸಂಘದ ಗೆಳೆಯರು ನನ್ನನ್ನು 'ದೌಂಡದಾಂವ' ಎಂದೇ ಕರೆಯುತ್ತಾರೆ. ದೌಂಡ ಪುಣೆ ಜಿಲ್ಲೆಯಲ್ಲಿ ಭೀಮಾ ದಂಡೆಯ ಊರು. ಸೊಲ್ಲಾಪುರದ ಕಡೆಯಿಂದ ಬಂದ ರೈಲು ಹಳಿ ಅಲ್ಲಿ ಮನಮಾಡಕ್ಕೊಂದು, ಬಾರಾಮತಿಗೊಂದು ಕವಲು ಒಡೆಯುತ್ತದೆ. ರೈಲ್ವೆ ನೌಕರಿ ಹಿಡಿದು ಬಂದು ಅಲ್ಲೇ ನೆಲೆ ನಿಂತ ಕನ್ನಡದ ಮನೆಗಳಲ್ಲಿ ನಮ್ಮದೂ ಒಂದು. ಅಪ್ಪ ಗೂಡ್ಸ್ ಗಾಡಿಯ ಗಾರ್ಡು. (2022ರಿಂದ ಆ ಹುದ್ದೆಗೆ ಟ್ರೇನ್ ಮ್ಯಾನೇಜರ್ ಎಂದು ಹೆಸರು. ನಮ್ಮ ಓಣಿಯಲ್ಲಿ ಯಾರೂ ಹಾಗನ್ನುವುದಿಲ್ಲ.) "ಈ ಸಂಚಿಕೆಗೆ ವಿಜ್ಞಾನದ್ದು ಒಂದೂ ಬಂದಿಲ್ಲ, ನೀನರ ಏನರ ಬರಿಯಪಾ" ಎಂದು ಸಂಪಾದಕರು ಗಂಟುಬಿದ್ದದ್ದರಿಂದ ನಮ್ಮ ಮನೆಯ ಎರಡು ಡಬ್ಬಿಗಳ ವಿಷಯ ಬರೆಯುತ್ತಿದ್ದೇನೆ.

ಕಳೆದ ವರ್ಷ ಅಜ್ಜಿಗೆ ರೊಟ್ಟಿ ನುಂಗಲು ಆಗದಾಯಿತು. ಅವ್ವ ಬಜಾರದಿಂದ ನಾಚಣಿ, ಅಂದರೆ ನಮ್ಮ ರಾಗಿ, ತಂದು ಮಾಲ್ಟು ಮಾಡಿದಳು. ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಮೊಳಕೆ ಬರಿಸಿ, ಒಣಗಿಸಿ, ಮೊಳಕೆಯ ಬಾಲಗಳನ್ನು ತಿಕ್ಕಿ ತೆಗೆದು, ಅರ್ಧವನ್ನು ಹುರಿದು ಬೀಸಿಸಿದಳು. ದವಾಖಾನೆಯ ನರ್ಸಬಾಯಿ ಹೇಳಿದಂತೆ ಉಳಿದರ್ಧವನ್ನು ಹುರಿಯದೆ ಬೀಸಿಸಿದಳು. ಮಳೆಗಾಲಕ್ಕೆ ಮುಂಚೆ ಅಜ್ಜಿ ತೀರಿಕೊಂಡಳು. ಡಬ್ಬಿಗಳು ಮಾಡದ ಮೇಲೆ ಉಳಿದವು. ಅವ್ವ ಅವನ್ನು ಚೆಲ್ಲಲೂ ಇಲ್ಲ, ಮುಟ್ಟಲೂ ಇಲ್ಲ. ದೀಪಾವಳಿ ಸೂಟಿಗೆ ನಾನು ಹೋದಾಗ ಒಂದರಲ್ಲಿ ನುಸಿ ಕಾಣಿಸಿಕೊಳ್ಳತೊಡಗಿತ್ತು. ಹೆಚ್ಚು ದಿನ ತಡೆಯುವಂತಿರಲಿಲ್ಲ.

ಮೊದಲ ಸಲಹೆ ಬಂದದ್ದು ಬಾಜೂ ಮನೆಯ ಕಾಕಾನಿಂದ. "ಮಾಲ್ಟ್ ಅಂದ್ರ ಬಿಯರ್ ಅಲ್ಲೇನು ವೈನೀ? ತಮ್ಮ ಕಾಲೇಜು ಕಲ್ತಾನ, ಮಾಡ್ಲಿ ಬಿಡ್ರಿ!" ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ತಿಂಗಳುಗಟ್ಟಲೆ ಆದಮೇಲೆ ಆ ಡಬ್ಬಿಗಳ ಮಾತಿಗೆ ಅವಳು ನಕ್ಕದ್ದು ಅದೇ ಮೊದಲು. ಹಾಗಾಗಿ ನಾನೂ ವಿಷಯ ಬಿಡಲಿಲ್ಲ.

ಕಾಕಾನ ಮಾತು ಪೂರಾ ಚಾಷ್ಟಿಯಲ್ಲ. ಮಾಲ್ಟ್ ಎಂದರೆ ಮೊಳೆಯಿಸಿ ಒಣಗಿಸಿದ ಕಾಳು, ಅಷ್ಟೇ. ಬಿಯರಿನವರು ಜವೆಗೋದಿಯನ್ನು ಬಳಸುತ್ತಾರೆ, ನಾವು ರಾಗಿಯನ್ನು. ಕಾಳು ಮೊಳೆಯುವಾಗ ತನ್ನೊಳಗಿನ ಪಿಷ್ಟವನ್ನು ಕರಗಿಸಿ ಸಸಿಗೆ ಉಣಿಸಲೆಂದು ಅಮೈಲೇಸ್ ಎಂಬ ಕಿಣ್ವಗಳನ್ನು ತಯಾರಿಸುತ್ತದೆ. 1833ರಲ್ಲಿ ಪಾಯೆನ್ ಮತ್ತು ಪರ್ಸೋ ಎಂಬ ಇಬ್ಬರು ಫ್ರೆಂಚರು ಜವೆಗೋದಿ ಮಾಲ್ಟಿನಿಂದಲೇ ಇದನ್ನು ಬೇರ್ಪಡಿಸಿ ಡಯಾಸ್ಟೇಸ್ ಎಂದು ಹೆಸರಿಟ್ಟರು. ಬಿಯರು ಕಾಸುವವರು ಮಾಲ್ಟಿನ ನುಚ್ಚನ್ನು 62ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಸುಮಾರು ಒಂದು ತಾಸು ಇಡುತ್ತಾರೆ. ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ ಹೂವಿನೊಂದಿಗೆ ಕುದಿಸಿ, ಆರಿಸಿ, ಈಸ್ಟ್ ಬಿಟ್ಟರೆ ಸಕ್ಕರೆ ಮದ್ಯವಾಗುತ್ತದೆ.

ಮನೆಯಲ್ಲಿ ಬಿಯರು ಮಾಡುವುದಕ್ಕೆ ಪರವಾನಗಿ ಇರುವ ದೇಶಗಳಲ್ಲಿ ಮಾಲ್ಟು ಉಳಿದಾಗ ಜನ ಮೊದಲು ನೋಡುವುದು ಒಂದೇ ಸಂಗತಿ: ಉಳಿದದ್ದು ಜೀವಂತ ಮಾಲ್ಟೋ, ಸತ್ತ ಮಾಲ್ಟೋ? ಹದವಾಗಿ ಒಣಗಿಸಿದ್ದರಲ್ಲಿ ಕಿಣ್ವ ಬದುಕಿರುತ್ತದೆ. ಕಪ್ಪಗೆ ಹುರಿದದ್ದರಲ್ಲಿ ಬಣ್ಣ, ವಾಸನೆ ಇರುತ್ತವೆ, ಕಿಣ್ವ ಸುಟ್ಟುಹೋಗಿರುತ್ತದೆ. ಬರೀ ಸತ್ತ ಮಾಲ್ಟಿನಿಂದ ಬಿಯರು ಹುಟ್ಟುವುದಿಲ್ಲ. ಬಹುಪಾಲು ಜೀವಂತದ್ದು ಇದ್ದು, ಹುರಿದದ್ದು ಸ್ವಲ್ಪವೇ ಇರಬೇಕು. ಪುಸ್ತಕದಲ್ಲಿ ಪಾಕ ಹುಡುಕುವುದಕ್ಕೆ ಮೊದಲು ಡಬ್ಬಿಯನ್ನು ತಿಳಿಯಬೇಕು, ಅದು ನಾನು ಕಲಿತ ಪಾಠ.

ರಾಗಿಯಿಂದ ಬಿಯರು ಆಗುವುದಿಲ್ಲವೇ? ಆಗುತ್ತದೆ. ಉಗಾಂಡಾದಲ್ಲಿ ರಾಗಿ ಮಾಲ್ಟಿನ ಮದ್ಯವನ್ನು ಒಂದೇ ಗಡಿಗೆಯ ಸುತ್ತ ಕೂತು ಉದ್ದ ಕೊಳವೆಗಳಿಂದ ಹೀರುತ್ತಾರೆ. ಕೆನ್ಯಾದ ಬುಸಾ ಎಂಬುದು ಗೋವಿನಜೋಳ ಮತ್ತು ರಾಗಿ ಮಾಲ್ಟಿನದು. ಆದರೆ ಮಹಾರಾಷ್ಟ್ರದಲ್ಲಿ 1949ರ ಮದ್ಯನಿಷೇಧ ಕಾಯ್ದೆ ಇದೆ. ಲೈಸೆನ್ಸಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ರಾಜ್ಯ ಮೀಸಲು ಪೋಲೀಸ್ ಪಡೆಯ ಎರಡು ತುಕಡಿಗಳಿರುವ ಊರಿನಲ್ಲಿ, ಅದೂ ರೈಲ್ವೆ ಕ್ವಾರ್ಟರ್ಸಿನಲ್ಲಿ ಕೂತು, ಗಾರ್ಡನ ಮಗ ಬಿಯರು ಕಾಸಿದ ಎಂದರೆ ಅಪ್ಪನ ನೌಕರಿಯ ಗತಿ ಏನು? ಆ ದಾರಿ ಅಲ್ಲಿಗೆ ಮುಚ್ಚಿತು.

ಕಾಕಾ ಇನ್ನೊಂದು ಹೇಳಿದ: ಮಾಲ್ಟು ಕಡಿಮೆ ಬಿದ್ದರೆ ಜೋಳಾನೂ ಮೊಳೆಸಿ ಕೂಡಿಸು ಎಂದು. ಇಲ್ಲಿ ಎಚ್ಚರ ಬೇಕು. ಎಳೆಯ ಜೋಳದ ಬೆಳೆ ಮೇದು ದನ ಸಾಯುವುದನ್ನು ನಮ್ಮ ಕಡೆಯ ರೈತರು ಬಲ್ಲರು. ಅದೇ ಸಯನೈಡು ಬಿಡುವ ವಸ್ತು ಜೋಳದ ಮೊಳಕೆಯಲ್ಲೂ ಇದೆ. ಹೆಸರಿನಂತೆ ಅದನ್ನು ಹಸಿಯಾಗಿ ತಿನ್ನಬಾರದು. ರಾಗಿಗೆ ಆ ಕಾಟವಿಲ್ಲ.

ಈಗ ಡಬ್ಬಿ. ಎರಡರ ಮೇಲೂ ಚೀಟಿ ಇರಲಿಲ್ಲ. ತಿಂಗಳುಗಳು ಕಳೆದು ಹುರಿದ ವಾಸನೆಯೂ ಹೋಗಿತ್ತು. ಅವ್ವನಿಗೂ ನೆನಪಿಲ್ಲ. ಆಗ ಈ ಪರೀಕ್ಷೆ ಮಾಡಿದೆವು. ಜೋಳದ ಹಿಟ್ಟಿನ ಗಟ್ಟಿ ಗಂಜಿ ಕುದಿಸಿ ಎರಡು ಬಟ್ಟಲಿಗೆ ಹಾಕಿದೆವು. ಕುದಿಯುವಾಗಲೇ ಹಾಕಿದರೆ ಕಿಣ್ವ ಸಾಯುತ್ತದೆ, ತಣ್ಣಗಾದರೆ ಅದು ನಿಧಾನ. ಆದ್ದರಿಂದ ಬಟ್ಟಲನ್ನು ಕೈಯಲ್ಲಿ ಹಿಡಿಯಬರುವಷ್ಟು ಆರಿದ ಮೇಲೆ ಒಂದೊಂದಕ್ಕೆ ಒಂದೊಂದು ಡಬ್ಬಿಯಿಂದ ಒಂದು ಚಮಚೆ ಹಿಟ್ಟು ಹಾಕಿ ತಿರುವಿದೆವು. ಹತ್ತು ನಿಮಿಷದಲ್ಲಿ ಒಂದು ಬಟ್ಟಲಿನಲ್ಲಿ ಚಮಚೆ ಮೊದಲಿನಂತೆಯೇ ನಿಂತಿತ್ತು. ಇನ್ನೊಂದರ ಗಂಜಿ ಮಜ್ಜಿಗೆಯಂತೆ ತೆಳ್ಳಗಾಗಿತ್ತು. ನೆಕ್ಕಿದರೆ ಸಣ್ಣ ಸಿಹಿ. ಅವ್ವ ಬಟ್ಟಲನ್ನು ಓರೆ ಮಾಡಿ ಮಾಡಿ ನೋಡಿ, "ಅದಕ್ಕs ನೋಡು ನರ್ಸಬಾಯಿ ಒಂದು ಚಮಚೆ ಹಾಕಂದಿದ್ಲು. ನಾ ಕುದಿಯೂದ್ರಾಗs ಹಾಕ್ತಿದ್ದೆ," ಎಂದಳು. ಆಮೇಲೆ ಸುಮಾರು ಹೊತ್ತು ಸುಮ್ಮನಿದ್ದಳು. ನಾನೂ ಏನೂ ಹೇಳಲಿಲ್ಲ.

ತೆಳ್ಳಗಾಗುವುದರಿಂದ ಏನು ಲಾಭ? ನೀರು ಹೆಚ್ಚು ಹಾಕಿ ತೆಳ್ಳಗೆ ಮಾಡಿದ ಗಂಜಿಯಲ್ಲಿ ಹಿಟ್ಟು ಕಡಿಮೆ, ಹೊಟ್ಟೆ ತುಂಬಿದರೂ ಶಕ್ತಿ ಸಾಲದು. ಮಾಲ್ಟಿನಿಂದ ತೆಳ್ಳಗಾದದ್ದರಲ್ಲಿ ಹಿಟ್ಟು ಅಷ್ಟೇ ಇದ್ದು ನುಂಗಲು ಸಲೀಸು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ಮೊಳೆಸಿದ ರಾಗಿ ಮತ್ತು ಹೆಸರುಕಾಳಿನಿಂದ ಕೂಸುಗಳ ಆಹಾರ ರೂಪಿಸಿ 1982ರಲ್ಲಿ ಪ್ರಕಟಿಸಿದ್ದು ಈ ಗುಣವನ್ನು ಹಿಡಿದೇ.

ಸತ್ತ ಡಬ್ಬಿಯದು ಸುಲಭವಾಯಿತು. ಹಿಟ್ಟನ್ನು ಜರಡಿ ಹಿಡಿದು, ತುಪ್ಪದಲ್ಲಿ ಇನ್ನೊಮ್ಮೆ ಬಾಡಿಸಿ, ಕೇಡಗಾಂವ ಕಡೆಯ ಬೆಲ್ಲ ಹಾಕಿ ಉಂಡಿ ಕಟ್ಟಿದೆವು. ಬಣ್ಣ, ವಾಸನೆಗಷ್ಟೇ ಬೇಕಾದ ಕೆಲಸ ಅದು. ಜೀವಂತ ಡಬ್ಬಿಗೆ ಅಂಬಲಿ ಗೊತ್ತುಮಾಡಿದೆವು. ಜೋಳದ ಗಂಜಿಯನ್ನು ಮೇಲೆ ಹೇಳಿದಂತೆ ಮಾಲ್ಟಿನಿಂದ ತೆಳ್ಳಗೆ ಮಾಡಿ, ಮತ್ತೊಮ್ಮೆ ಕುದಿಸಿ, ಉಗುರುಬೆಚ್ಚಗೆ ಆರಿದ ಮೇಲೆ ಮಜ್ಜಿಗೆ ಬೆರೆಸಿ ರಾತ್ರಿಯಿಡೀ ಮುಚ್ಚಿಟ್ಟೆವು. ಬಿಯರಿನಲ್ಲಿ ಸಕ್ಕರೆಯನ್ನು ಈಸ್ಟ್ ತಿಂದರೆ ಇಲ್ಲಿ ಮಜ್ಜಿಗೆಯ ಬ್ಯಾಕ್ಟೀರಿಯಾ ತಿಂದು ಹುಳಿ ಮಾಡುತ್ತವೆ. ಮುಂಜಾನೆ ಉಪ್ಪು, ಜೀರಿಗೆ, ಜಜ್ಜಿದ ಬಳ್ಳೊಳ್ಳಿ. ಕಾಕಾ ಎರಡು ತಂಬಿಗೆ ಕುಡಿದು, "ನಿಶೆ ಏರಲಿಲ್ಲಲ್ಲೋ" ಎಂದ.

ಆದರೆ ಒಂದು ಪಾತೇಲಿಗೆ ಎರಡು ಚಮಚೆ ಸಾಕು. ಡಬ್ಬಿ ಖಾಲಿಯಾಗುವುದು ಯಾವಾಗ? ಕಾಕಾನ ಮಗಳು ಏಳು ತಿಂಗಳ ಕೂಸನ್ನು ಕರಕೊಂಡು ತವರಿಗೆ ಬಂದಿದ್ದಳು. ಸೂಟಿ ಮುಗಿಸಿ ನಾನು ಹೊರಡುವ ದಿನ ಅವ್ವ ಆ ಹಿಟ್ಟನ್ನು ನುಸಿಬಟ್ಟೆಯಲ್ಲಿ ಎರಡು ಸಲ ಜಾಳಿಸಿ, ಅವಳ ಕೈಗೆ ಕೊಟ್ಟು, "ಕುದಿಯೂವಾಗ ಹಾಕಬ್ಯಾಡವಾ, ಇಳಿಸಿ, ಆರಿದ ಮ್ಯಾಲೆ ಹಾಕು, ತಿರುವಿ ಬಿಡು, ಆಮ್ಯಾಲೆ ಮತ್ತೊಂದು ಕುದಿ ಕೊಡು" ಎಂದು ಬಾಗಿಲಲ್ಲಿ ನಿಂತು ಮೂರು ಸಲ ಹೇಳಿದಳು. ನನ್ನ ಗಾಡಿಗೆ ತಡವಾಗುತ್ತಿತ್ತು.