ವಂಶಾವಳಿ ಶೋಧ: ತಾಲ್ಲೂಕು ದಾಖಲೆ ಮತ್ತು ಹೆಳವರ ಹೊತ್ತಗೆ

ಮನೆತನವೊಂದರ ಪೂರ್ವಿಕರನ್ನು ಗುರುತಿಸಲು ಹೊರಟ ಸಂಶೋಧಕರು ಸಾಮಾನ್ಯವಾಗಿ ಮೊದಲು ನೋಡುವುದು ಶಾಸನಗಳನ್ನು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ (1902) ಚನ್ನಗಿರಿ, ಹೊನ್ನಾಳಿಗಳ ಶಾಸನಗಳೂ 11ನೆಯ ಸಂಪುಟದಲ್ಲಿ (1903) ಜಗಳೂರಿನವೂ ಸೇರಿವೆ. ವೀರಗಲ್ಲಿನಲ್ಲಿ ಮಡಿದವನ ಹೆಸರು, ಕೆಲವೆಡೆ ತಂದೆಯ ಹೆಸರು ದೊರೆಯುತ್ತದೆ. ಆದರೆ ಅಲ್ಲಿಂದ ಇಂದಿನ ಒಕ್ಕಲು ಮನೆಯವರೆಗೆ ಬರುವ ಕೊಂಡಿಗಳು ಕಲ್ಲಿನಲ್ಲಿಲ್ಲ. ಹೆಸರಿನ ಸಾಮ್ಯವೊಂದನ್ನೇ ಹಿಡಿದು ಪಾಳೆಯಗಾರರ ವಂಶಕ್ಕೆ ಜೋಡಿಸಿಕೊಳ್ಳುವ ಪರಿಪಾಠವನ್ನು ಸಂಶೋಧನೆ ಎನ್ನಲಾಗದು. ಆದುದರಿಂದ ಬ್ರಿಟಿಷ್ ಕಮಿಷನರರ ಆಡಳಿತದಿಂದ (1831–1881) ಈಚಿನ ಸಾಮಾನ್ಯ ಪೂರ್ವಿಕನ ಶೋಧಕ್ಕೆ ಎರಡು ಆಕರಗಳನ್ನು ಇಲ್ಲಿ ಪರಿಶೀಲಿಸಲಾಗಿದೆ. ಒಂದು ಕಂದಾಯ ದಾಖಲೆ, ಇನ್ನೊಂದು ಹೆಳವರ ಹೊತ್ತಗೆ.

ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಒಂದಿದೆ. ಊರು ಯಾವ ವರ್ಷ ಯಾವ ಕಚೇರಿಗೆ ಸೇರಿತ್ತು? ದಾವಣಗೆರೆ ಜಿಲ್ಲೆ ರಚನೆಯಾದುದು 1997ರಲ್ಲಿ. ಅದಕ್ಕೆ ಮುನ್ನ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ನ್ಯಾಮತಿ ಈಚೆಗೆ, 2017–18ರ ಸುಮಾರಿಗೆ, ಹೊನ್ನಾಳಿಯಿಂದ ಬೇರ್ಪಟ್ಟ ತಾಲ್ಲೂಕು. ಹಾಗಾಗಿ ನ್ಯಾಮತಿ ಕಡೆಯ ಹಳ್ಳಿಯ ಶಾಸನವನ್ನು ರೈಸ್ ಸಂಪುಟದಲ್ಲಿ ಹೊನ್ನಾಳಿಯ ಅಡಿಯಲ್ಲೇ ಹುಡುಕಬೇಕು. ಹಳೆಯ ಕಂದಾಯ ಕಡತಕ್ಕೂ ಇದೇ ಮಾತು. ವಸಾಹತು ಕಾಲದ ಅಮೆರಿಕದ ಪೂರ್ವಿಕರನ್ನು ಕೌಂಟಿ ದಾಖಲೆಗಳಲ್ಲಿ ಅರಸುವವರಿಗೂ ಇದೇ ತೊಡಕು ಎದುರಾಗುತ್ತದೆ. ವರ್ಜೀನಿಯದ ಆರೆಂಜ್ ಕೌಂಟಿ 1734ರಲ್ಲಿ ಸ್ಪಾಟ್ಸಿಲ್ವೇನಿಯದಿಂದ ಒಡೆದು ಬಂದುದರಿಂದ ಅದಕ್ಕೂ ಹಿಂದಿನ ಭೂಪತ್ರವನ್ನು ತಾಯಿ ಕೌಂಟಿಯಲ್ಲಿಯೇ ನೋಡಬೇಕು.

ನಮ್ಮಲ್ಲಿ ತೊಡಕು ಇನ್ನೂ ಒಂದು ಪದರ ಹೆಚ್ಚು. ಹೊನ್ನಾಳಿ ಸೀಮೆಯ ಆಚೆಗಿನ ಹಿರೇಕೆರೂರು, ರಾಣೆಬೆನ್ನೂರುಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಜಗಳೂರಿನ ನೆರೆಯ ಕೂಡ್ಲಿಗಿ 1953ರವರೆಗೆ ಮದರಾಸಿನದು. ಹೆಣ್ಣು ಕೊಟ್ಟು ತರುವ ಬಳಗ ಮೂರು ಆಡಳಿತಗಳಲ್ಲಿ ಹರಡಿತ್ತು. ದಾಖಲೆಗಳ ಭಾಷೆ, ನಮೂನೆ, ಅಳತೆಗಳು ಬೇರೆ ಬೇರೆ. ಗಡಿಯನ್ನು ಲೆಕ್ಕಿಸದೆ ಈ ಊರುಗಳನ್ನು ಸುತ್ತುತ್ತಿದ್ದವನು ಹೆಳವ.

ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಕಾರ್ಯ 1863ರಲ್ಲಿ ತೊಡಗಿತು. ಅಂದಿನಿಂದ ಹೊಲಕ್ಕೊಂದು ಸರ್ವೆ ನಂಬರು, ನಂಬರಿಗೊಬ್ಬ ಖಾತೆದಾರ. ಹಿಂದಕ್ಕೆ ಹೋಗುವವರು ಇಂದಿನ ಪಹಣಿಯಿಂದ ಕೈಬರಹದ ಪಹಣಿಗೆ, ಮ್ಯುಟೇಷನ್‌ಗೆ, ಹಳೆಯ ಖೇತವಾರು ಪತ್ರಿಕೆಗೆ ಸರಿಯಬೇಕು. ಇಲ್ಲಿ ಎರಡು ಕಿರುಪದಗಳು ಬಹು ಮುಖ್ಯ. 'ಬಿನ್' ಎಂಬುದು ಮಗನನ್ನು ತಂದೆಗೆ, 'ಕೋಂ' ಎಂಬುದು ಹೆಂಡತಿಯನ್ನು ಗಂಡನಿಗೆ ಜೋಡಿಸುತ್ತದೆ. ಗಂಡ ತೀರಿಕೊಂಡು ಮಕ್ಕಳು ಎಳೆಯರಾಗಿದ್ದಾಗ ಖಾತೆ ವಿಧವೆಯ ಹೆಸರಿಗೆ ಬಂದಿರುವುದುಂಟು. ಮನೆತನದ ಹೆಣ್ಣೊಬ್ಬಳ ಹೆಸರು ಬರಹದಲ್ಲಿ ಉಳಿಯಲು ಇದ್ದ ಅಪರೂಪದ ಸಂದರ್ಭವಿದು.

ಹೆಳವರ ಹೊತ್ತಗೆಯಲ್ಲಿ ಅವಳು ಸಿಗುವುದು ವಿರಳ. ಸುಗ್ಗಿಯ ನಂತರ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬಂದು ವಂಶವನ್ನು ಒಪ್ಪಿಸುವ ಹೆಳವರು ಮನೆತನದ ಬೆಡಗು, ಮೂಲಸ್ಥಳ, ಊರು ಬಿಟ್ಟ ಕಾರಣ, ಗಂಡುಸಂತತಿಯ ಸಾಲು ಇವನ್ನು ಹೇಳುತ್ತಾರೆ. ಹೊಸದಾಗಿ ಹುಟ್ಟಿದವರನ್ನು ಬರೆದುಕೊಳ್ಳುತ್ತಾರೆ. ದವಸ, ದುಡ್ಡು, ಕೆಲವೊಮ್ಮೆ ದನಕರು ಪಡೆಯುತ್ತಾರೆ. ಓಲೆಗರಿಯಿಂದ ಕಾಗದಕ್ಕೆ ಬಂದ ಈ ಹೊತ್ತಗೆಗಳು ತಲೆಮಾರಿನಿಂದ ತಲೆಮಾರಿಗೆ ನಕಲಾಗಿವೆ. ಕಂದಾಯ ದಾಖಲೆ ಊರಿಗೆ ಅಂಟಿಕೊಂಡಿದ್ದರೆ ಹೆಳವರ ದಾಖಲೆ ಮನೆತನದ ಬೆನ್ನು ಹತ್ತುತ್ತದೆ. ಬರಕ್ಕೋ ಜಗಳಕ್ಕೋ ಗುಳೆ ಹೋದ ಕವಲು ತಾಲ್ಲೂಕು ಕಚೇರಿಗೆ ಕಾಣದು, ಹೆಳವನಿಗೆ ಕಾಣುತ್ತದೆ. ಇಸವಿಯನ್ನು ಮಾತ್ರ ಅವನಲ್ಲಿ ಕೇಳಬಾರದು.

ಎರಡನ್ನೂ ಹೊಂದಿಸುವಾಗ ಹೆಚ್ಚು ಎಡವಿಸುವುದು ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ. 'ರಂಗಪ್ಪ ಬಿನ್ ಹನುಮಪ್ಪ', ಬಳಿಕ 'ಹನುಮಪ್ಪ ಬಿನ್ ರಂಗಪ್ಪ', ಪುನಃ ಮೊದಲಿನ ಜೋಡಿ. ಹೆಳವನ ಪಠಣದಲ್ಲಿ ಇಂಥ ನಾಲ್ಕು ತಲೆಮಾರು ಎರಡಾಗಿ ಕುಗ್ಗಬಹುದು. ಕಡತ ನೋಡುವವನು ಎರಡು ಕಾಲದ ರಂಗಪ್ಪಂದಿರನ್ನು ಒಬ್ಬನೆಂದು ಎಣಿಸಬಹುದು. ಸರ್ವೆ ನಂಬರು ಮತ್ತು ಮ್ಯುಟೇಷನ್ ದಿನಾಂಕಗಳನ್ನು ಹೊಂದಿಸಿದಾಗ ಮಾತ್ರ ಅವರು ಬೇರೆಯಾಗುತ್ತಾರೆ. ಲಿಖಿತವೇ ಪ್ರಮಾಣ, ಮೌಖಿಕ ಕೇವಲ ಪೂರಕ ಎಂಬ ನಿಲುವನ್ನು ಪ್ರಸ್ತುತ ಲೇಖಕ ಒಪ್ಪುವುದಿಲ್ಲ. ಇಂದು ಕಂದಾಯ ಇಲಾಖೆ ನೀಡುವ ವಂಶವೃಕ್ಷವೂ ಊರವರ ಹೇಳಿಕೆ, ಮಹಜರುಗಳ ಮೇಲೆಯೇ ನಿಂತಿದೆ. ಅದು ಮೊಹರು ಬಿದ್ದ ಮೌಖಿಕವೇ ಸರಿ.

ಭೂಮಿಯಿಲ್ಲದವರ ಪ್ರಶ್ನೆ ಉಳಿಯಿತು. ಸಂತ ಸೇವಾಲಾಲರ ಜನ್ಮಸ್ಥಳವೆಂದು ಲಂಬಾಣಿಗರು ನಡೆದುಕೊಳ್ಳುವ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿದೆ. ಎತ್ತಿನ ಮೇಲೆ ಸರಕು ಹೇರಿ ನಾಡು ಸುತ್ತಿದ ಈ ಸಮುದಾಯ ಭೂದಾಖಲೆಗೆ ಬಂದುದು ತಡವಾಗಿ. ಅವರ ಗೋತ್ರ ಪರಂಪರೆಯನ್ನು ಢಾಡಿಗಳ ಹಾಡಿನಲ್ಲಿ ಅರಸಬೇಕು. ತೋಟಿ, ತಳವಾರ, ನೀರುಗಂಟಿ ಮನೆತನಗಳ ಸ್ಥಿತಿ ಭಿನ್ನ. ಅವರ ಚಾಕರಿ ಇನಾಂ ಜಮೀನುಗಳು 1961ರ ಗ್ರಾಮ ಹುದ್ದೆಗಳ ರದ್ದತಿ ಅಧಿನಿಯಮದಡಿ ಮರುಮಂಜೂರಾತಿಗೆ ಬಂದಾಗ, ಹಕ್ಕು ಸಾಧಿಸಲು ಹುದ್ದೆ ನಡೆಸಿದ ಹಿರಿಯರನ್ನು ಹೆಸರಿಸಿ ತಮ್ಮ ಸಂಬಂಧವನ್ನು ತೋರಿಸಬೇಕಾಯಿತು. ಊರ ಚಾಕರಿಯ ಮನೆತನಗಳ ವಂಶಾವಳಿ ಬರಹಕ್ಕಿಳಿಯಲು ಆಸ್ಪದವಾದ ಆ ಕಡತಗಳು ಜಾನಪದ ಸಂಶೋಧಕರ ಕಣ್ಣಿಗೆ ಇನ್ನೂ ಸಾಕಷ್ಟು ಬಿದ್ದಿಲ್ಲ.